ಅತ್ತಿಗುಪ್ಪೆಯ ಮೆದೆ

ಲೀಡ್ಸ್, ಇಂಗ್ಲೆಂಡ್
೧೨-೮-೧೯೫೬

ಅಪ್ಪನವರಿಗೆ, ಹೊಂಬೇಗೌಡ ಇಲ್ಲಿಂದಲೇ ಕಾಲಿಗೆ ಬಿದ್ದು ಬರೆಯುವುದು.

ಯೂನಿವರ್ಸಿಟಿ ರಜೆಯಲ್ಲಿ ಕೆಲಸ ಸಿಕ್ಕಿದೆ ಎಂದು ಬರೆದಿದ್ದೆ. ಯಾವ ಕೆಲಸ ಎಂದು ಬರೆಯಲು ಧೈರ್ಯವಾಗಿರಲಿಲ್ಲ. “ಹುಲ್ಲು ಮುಟ್ಟಬ್ಯಾಡ, ಹೋಗಿ ಓದ್ಕೊ” ಎಂದು ನನ್ನನ್ನು ಕಣದಿಂದ ಅಟ್ಟುತ್ತಿದ್ದವರು ನೀವು. ಇಲ್ಲಿ ನಾನು ಸೇರಿರುವುದು ಒಬ್ಬ ರೈತನ ಹತ್ತಿರ, ಹುಲ್ಲು ಒಟ್ಟುವುದಕ್ಕೆ.

ಓದುವ ಹುಡುಗನಿಂದ ಏನಾದೀತು ಎಂದು ಆತ ನಕ್ಕ. ನೀವು ಒಟ್ಟುವಾಗ ಪುಸ್ತಕದ ಮರೆಯಿಂದ ಕದ್ದು ನೋಡಿದ್ದನ್ನು ನೆನೆದು, ನಮ್ಮ ಅತ್ತಿಗುಪ್ಪೆಯ ರಾಗಿಹುಲ್ಲಿನ ಮೆದೆಯ ಹಾಗೆಯೇ ನಡುವನ್ನು ಎತ್ತರಿಸಿ, ಅಂಚನ್ನು ಇಳಿಬಿಟ್ಟು ಒಟ್ಟಿದೆ. ಆಮೇಲೆ ಐದು ದಿನ ಬಿಡದೆ ಮಳೆ. ಸುತ್ತಲಿನವರ ಹುಲ್ಲೆಲ್ಲ ಕೊಳೆಯಿತು. ನನ್ನ ಮೆದೆಯೊಳಗೆ ಆತ ಮೊಣಕೈವರೆಗೂ ಕೈ ತೂರಿಸಿ ಎಳೆದರೆ, ಗರಿಗರಿ ಒಣಹುಲ್ಲು ಬಂತು!

“ಯಾರು ಕಲಿಸಿದ್ದು?” ಎಂದ.

“ನಮ್ಮಪ್ಪ” ಎಂದೆ.

ಈಗ ಪಕ್ಕದ ಮೂವರು ರೈತರೂ ಕರೆದಿದ್ದಾರೆ. ಆದರೆ ಗಾಳಿಗೆ ಹಾರದಂತೆ ನೀವು ಹುರಿ ಬಿಗಿಯುತ್ತಿದ್ದುದನ್ನು ನಾನು ನೋಡಿಯೇ ಇಲ್ಲ. ಅಷ್ಟರಲ್ಲಿ ಸ್ಕೂಲಿನ ಹೊತ್ತಾಗಿರುತ್ತಿತ್ತು. ತಂಗಿ ವಿಮಲಳ ಕೈಯಲ್ಲಿ ಬೇಗ ಬರೆಸಿ ಕಳಿಸಿ. ಇಂಗ್ಲಿಷಿನಲ್ಲಿ ನಾನು ಓದಿ ಹೇಳುತ್ತೇನೆ. ನಾಲ್ವರೂ ನಿಮ್ಮ ಕಾಗದಕ್ಕೆ ಕಾಯುತ್ತಿದ್ದಾರೆ.

ಹುಲ್ಲು ಮುಟ್ಟಿದ ನಿಮ್ಮ ಮಗ,
ಹೊಂಬೇಗೌಡ