ಲೇಖನದಲ್ಲಿಲ್ಲದ ಹೆಸರು

ಅಪ್ಪಾ, ನಿನ್ನ ಯಶೋಧರಾಳ ಜೈಭೀಮ್.

ಲೇಖನ ಅಚ್ಚಾಯಿತೆಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ಹಾಕಿಸಬೇಡ. ಫೋನಿನಲ್ಲಿ ಕಾರಣ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಂಪಸಾಗರದ ಹಿನ್ನೀರಿನ ಮೀನುಗಳ ಮೇಲೆ ನಾನು ಇಷ್ಟು ವರ್ಷ ಮಾಡಿದ ಸಂಶೋಧನೆ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಬಂತು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಗೈಡ್ ಸರ್ ಹೆಸರಿನ ಜೊತೆ, ನಮ್ಮ ಲ್ಯಾಬಿನಲ್ಲೇ ಓದುವ ಹಿರೇಹಡಗಲಿಯ ತಿಪ್ಪೇಶನ ಹೆಸರಿತ್ತು. ಕೇಳಿದ್ದಕ್ಕೆ ಸರ್, "ನಿನಗ ಸ್ಕಾಲರ್‌ಶಿಪ್ ಬರ್ತೈತಲ್ಲ, ಹೆಸರೂ ಬೇಕೇನು?" ಎಂದರು. ನಮ್ಮ ಕಡೆಯವರೇ ಎಂದು ನೀನು ಅವರನ್ನು ಎಷ್ಟು ನಂಬಿದ್ದೆ.

ನಾನು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟೆ. ವಿಚಾರಣೆಯಲ್ಲಿ ಲ್ಯಾಬಿನವರೆಲ್ಲ ತಮಗೇನೂ ಗೊತ್ತಿಲ್ಲ ಎಂದರು. ಕೊನೆಗೆ ತಿಪ್ಪೇಶ ಎದ್ದು ನಿಂತ.

"ಮೀನು ತಂದಾಕಿ, ಅಳದಾಕಿ, ಬರದಾಕಿ ಎಲ್ಲಾ ಯಶೋಧರಾನ ರೀ. ನಾ ಬರೇ ಟೈಪ್ ಮಾಡೀನ್ರಿ. ನನ್ನ ಹೆಸರು ತಗೀರಿ," ಎಂದ.

ಪತ್ರಿಕೆಯವರು ತಿದ್ದುಪಡಿ ಮಾಡಿ ನನ್ನ ಹೆಸರು ಹಾಕುತ್ತಾರಂತೆ. ಆದರೆ ಸರ್ ಇನ್ನು ನಮ್ಮಿಬ್ಬರಿಗೂ ಗೈಡ್ ಆಗುವುದಿಲ್ಲ ಎಂದಿದ್ದಾರೆ. ಬೇರೆಯವರನ್ನು ಹುಡುಕಬೇಕು. ಗೆದ್ದೆ ಅಂತ ಅನಿಸುತ್ತಿಲ್ಲ ಅಪ್ಪಾ, ದಣಿವಾಗಿದೆ ಅಷ್ಟೇ.

"ಆ ಹುಡುಗಿ ಸಲುವಾಗಿ ಓದು ಕೆಡಿಸ್ಕೊಂಡಿ, ಮನಿಗಿ ಬರಬ್ಯಾಡ," ಎಂದು ತಿಪ್ಪೇಶನಿಗೆ ಅವನ ಅಪ್ಪ ಹೇಳಿದ್ದಾರೆ. ಭಾನುವಾರ ನಾನು ಬರುವಾಗ ಅವನನ್ನೂ ಕರೆದುಕೊಂಡು ಬರುತ್ತೇನೆ. ನೀನು ಅವನನ್ನು ಏನೂ ಕೇಳಬೇಡ. ಅವ್ವನಿಗೆ ನಾಲ್ಕು ರೊಟ್ಟಿ ಹೆಚ್ಚು ಬಡಿಯಲು ಹೇಳು.

ನಿನ್ನ ಮಗಳು,
ಯಶಿ