ಗೋಡೆಗೆ ಮುಖ ಮಾಡಿ ನಿಂತವನು

ಅಪ್ಪಾ,

ಮನೆಯಲ್ಲೂ ಕದಿಯುತ್ತಾನೆ ಎಂದು ಕೋರ್ಟಿನಲ್ಲಿ ಸುಳ್ಳು ಹೇಳಿ ನೀನು ನನ್ನ ತಮ್ಮನನ್ನು ಬಾಲಮಂದಿರಕ್ಕೆ ಹಾಕಿಸಿದೆ. ಅವನು ಮಾಡಿದ್ದು ಪಕ್ಕದ ಬೀದಿಯವರ ಬೈಕನ್ನು ಕೇಳದೆ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದು, ಅಷ್ಟೇ. "ಬುದ್ಧಿ ಬರಲಿ" ಎಂದಿದ್ದೆ. ಬಂದಿದೆ, ಕೇಳು.

ಅಲ್ಲಿಂದ ಹೊರಬಂದ ಮೇಲೆ ಅವನು ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದ; ಇವತ್ತು ಅವನಿಗೆ ಊಟ ಕೊಡಲು ಅಲ್ಲಿಗೆ ಹೋಗಿದ್ದೆ. ಮೇಸ್ತ್ರಿ ಸ್ಪ್ಯಾನರ್ ಹುಡುಕುತ್ತಾ, "ಎಲ್ಲಿ ಹಾಳಾಗಿ ಹೋಯ್ತೋ!" ಎಂದು ಗೊಣಗಿದರು. ಯಾರನ್ನೂ ಕೇಳಿರಲಿಲ್ಲ. ತಮ್ಮ ತಾನಾಗಿ ಎದ್ದು, ಎರಡೂ ಜೇಬು ಹೊರಗೆಳೆದು, ಗೋಡೆಗೆ ಮುಖ ಮಾಡಿ ಕೈಯೆತ್ತಿ ನಿಂತ.

"ಏನೋ ಇದು, ನಾಟಕದ ಕಂಪನಿಗೆ ಸೇರ್ಕೊಂಡ್ಯಾ?" ಮೇಸ್ತ್ರಿ ನಕ್ಕರು.

"ಅಲ್ಲಿ ಏನಾದ್ರೂ ಕಾಣೆಯಾದ್ರೆ ಹೀಗೇ ನಿಲ್ಬೇಕಿತ್ತು ಸಾರ್."

"ಅಲ್ಲಿ ಅಂದ್ರೆ?"

ಅವನು ಬಾಲಮಂದಿರದಲ್ಲಿದ್ದುದನ್ನು ಹೇಳಿಬಿಟ್ಟ. ಸ್ಪ್ಯಾನರ್ ಮೇಸ್ತ್ರಿ ಕೂತಿದ್ದ ಸ್ಟೂಲಿನ ಕೆಳಗೇ ಸಿಕ್ಕಿತು. ಆದರೂ ಆ ದೊಡ್ಡ ಮನುಷ್ಯ, "ನಾಳೆಯಿಂದ ಬರ್ಬೇಡ ಕಣಪ್ಪಾ. ಗಿರಾಕಿಗಳ ಗಾಡಿ ಇರೋ ಜಾಗ," ಎಂದರು.

ಇದಕ್ಕೆ ಸರ್ಕಾರ ಸುಧಾರಣೆ ಎಂದು ಹೆಸರಿಟ್ಟಿದೆ. ಹುಡುಗನಿಗೆ ಕಳ್ಳನ ಹಣೆಪಟ್ಟಿ ಅಂಟಿಸಿ, ಆಮೇಲೆ ಅವನೇಕೆ ತಲೆ ತಗ್ಗಿಸಿ ನಡೆಯುತ್ತಾನೆ ಎಂದು ಭಾಷಣ ಬಿಗಿಯುತ್ತದೆ. ಈ ಸರ್ಕಾರದ ವಿರುದ್ಧ ನಾನು ಹಂಚುವ ಕರಪತ್ರಗಳನ್ನು ರದ್ದಿ ಎನ್ನುತ್ತಿದ್ದೆಯಲ್ಲ, ನಿನ್ನ ಕೋರ್ಟಿನ ಮಾತಿಗಿಂತ ಆ ರದ್ದಿಗೆ ಮಾನವಿದೆ. ನೀನೋ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ಮರ್ಯಾದಸ್ಥನಾಗಿದ್ದೀಯ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ನೀನೇ. ಈಗಲೂ ನಿನ್ನ ಹಾಗೆಯೇ ಹಿಡಿಯುತ್ತಾನೆ.

ವಿಳಾಸ ಗೊತ್ತಿದ್ದರೂ ಇದನ್ನು ಕಳಿಸುವುದಿಲ್ಲ. ಅವನನ್ನು ಕರೆದುಕೊಂಡು ಮತ್ತೆ ಕೆಲಸ ಕೇಳಲು ಹೋಗುತ್ತೇನೆ. ನೀನು ಓದದಿದ್ದರೂ ಕರಪತ್ರದ ಹಾಗೆ ಬರೆದಿಡುತ್ತೇನೆ: ಅಂದು ಕೋರ್ಟಿನಲ್ಲಿ ಹೇಳಿದ್ದು ಸುಳ್ಳೆಂದು ಒಬ್ಬ ಅಪ್ಪ ಬಂದು ಮೇಸ್ತ್ರಿಯ ಮುಂದೆ ಒಪ್ಪಿಕೊಳ್ಳಬೇಕು. ಗ್ಯಾರೇಜಿನ ಬಾಗಿಲು, ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ.