ತಳ ಸಮವಾಗಿದೆ ಅಂದರು

ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು
೧೪-೯-೨೦೨೪, ಶನಿವಾರ

ಪ್ರೀತಿಯ ಮಗಳು ನಂದಿತಾಳಿಗೆ ನಿಮ್ಮವ್ವ ಮಾಡುವ ಆಶೀರ್ವಾದಗಳು.

ಹಡಗಿನಲ್ಲಿ ವಾಂತಿ ನಿಂತಿತೇನವ್ವ? ಕಟ್ಟಿಕೊಟ್ಟ ಒಣಶುಂಠಿ ಬಾಯಲ್ಲಿಟ್ಟುಕೊ, ನಾಚಿಕೆ ಬೇಡ. ಹಡಗು ಕಾರವಾರಕ್ಕೆ ಬಂದಾಗ ಆಫೀಸಿನವರು ಕಾಗದ ಕೊಡುತ್ತಾರೆ ಅಂದಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನು ಸಿಕ್ಕಿದರೂ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಏನು ಮಾತಾಡಲಿ?

ನೀನು ರಜೆ ಮುಗಿಸಿ ಹೋದ ಮೇಲೆ ಅಣ್ಣನನ್ನು ಹೊಳೆಯಲ್ಲಿ ಹುಡುಕುವುದಕ್ಕೆ ಒಂದು ದೋಣಿ ಬಂತು. ಸಮುದ್ರದ ತಳ ಅಳೆಯಲು ನಿನ್ನ ಹಡಗಿನಲ್ಲಿರುವಂಥದೇ ಶಬ್ದದ ಮಿಷನ್ನು, ಚಿಕ್ಕದು. ನಿಮ್ಮಣ್ಣ ಸೋಮು ಪಂಪ್‌ಸೆಟ್ಟಿನ ಪೈಪಿಗೆ ಕಚ್ಚಿದ ಮರಳು ಬಿಡಿಸಲು ಮುಳುಗಿದನಲ್ಲ, ಆ ಜಾಗದ ಮೇಲೆಲ್ಲ ಓಡಾಡಿದರು. ಮರಳು ತೋಡಿದವರು ಬಿಟ್ಟುಹೋದ ಗುಂಡಿ ಅಲ್ಲಿ ಎರಡಾಳು ಆಳವಿತ್ತು, ಅದರ ಅಂಚು ಕುಸಿದೇ ಅವನು ಹೋದದ್ದು. ಆಮೇಲೆ ಹೊಳೆ ತುಂಬಿ ಹರಿಯಿತು. ಮಿಷನ್ ನೋಡುವ ದೇವರಾಜು, "ತಳ ಸಮವಾಗೇ ಅದೆ ಕಣಮ್ಮ, ಏನೂ ಕಾಣ್ತಾ ಇಲ್ಲ" ಅಂದ.

ನೀನು ಒಲೆ ಮುಂದೆ ಕೂತು ಹೇಳಿದ್ದು ನೆನಪಾಯಿತು. "ಕೆಳಕ್ಕೆ ಬಿಟ್ಟ ಶಬ್ದ ತಳ ಮುಟ್ಟಿ ವಾಪಸ್ ಬರ್ತದೆ ಅವ್ವ. ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದ್ರಲ್ಲಿ ಆಳ ತಿಳೀತದೆ. ಆಗಾಗ ಕೇಳ್ತಿದ್ರೆ ಕೆಸರು ಎಲ್ಲಿ ಎದ್ದು ಎಲ್ಲಿ ಕೂತ್ಕೊಳ್ತು ಅಂತಾನೂ ಗೊತ್ತಾಗ್ತದೆ." ಸೋಮು ನಕ್ಕಿದ್ದ: "ಸಮುದ್ರದ ತಳದ್ದೆಲ್ಲ ಕೇಳುಸ್ತದಂತೆ ಇವ್ಳಿಗೆ, ಅವ್ವ ಇತ್ಲಿಂದ ಕೂಗುದ್ರೆ ಮಾತ್ರ ಕೇಳಾಕಿಲ್ಲ!"

ಮರಳಿನ ಒಳಗೂ ಕಾಣುತ್ತದೇನಪ್ಪ ಎಂದು ದೇವರಾಜುವನ್ನು ಕೇಳಿದೆ. ತಲೆ ತಗ್ಗಿಸಿ, "ಇದಕ್ಕೆ ಮೇಲಿಂದು ಮಾತ್ರ ಕಾಣೋದಮ್ಮ. ಗುಂಡಿ ತುಂಬ್ಕೊಂಡದೆ" ಅಂದ. ಅಷ್ಟರಲ್ಲಿ ನಿಮ್ಮಪ್ಪ ದಡ ಹತ್ತಿ, ಮಗ ಹೊಳೆಯಲ್ಲಿಲ್ಲವಂತೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಅವತ್ತಿನಿಂದ ಇದೇ ಆಗಿದೆ. "ತಲೆಗೆ ಪೆಟ್ಟು ಬಿದ್ದು ಊರು ಮರ್ತವ್ನೆ ಕಣಮ್ಮಿ, ಎಲ್ಲೋ ದಡ ಅತ್ತವ್ನೆ" ಎನ್ನುತ್ತಾರೆ. ಬೆಳಿಗ್ಗೆ ಫೋಟೋ ಹಿಡಿದು ನರಸೀಪುರದ ಬಸ್‌ಸ್ಟ್ಯಾಂಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ನಂಜನಗೂಡಿನ ದೇವಸ್ಥಾನದ ಊಟದ ಸಾಲಿನಲ್ಲಿ ಅವನಂಥವನನ್ನು ಕಂಡೆ ಎಂದು ತೆಪ್ಪದ ಕೆಂಪಯ್ಯ ಹೇಳಿದ. ಓಡಿಹೋದರು. ಯಾರದೋ ಮಗ. ಅವನಿಗೇ ಎರಡು ಬಾಳೆಹಣ್ಣು ಕೊಡಿಸಿ ಬಂದರು. ಮಠದ ಅಯ್ಯನವರು ಕ್ರಿಯೆ ಮಾಡಿಸಿ ಅಂದಾಗ ನಾನು ಹೂಂ ಅಂದೆ, ಅಷ್ಟಕ್ಕೇ "ಬದುಕಿರೋ ಮಗನ್ಗೆ ಮಣ್ಣಾಕ್ತೀಯಾ?" ಎಂದು ಊಟದ ತಟ್ಟೆ ಎಸೆದರು. ಈಗ ನನ್ನ ಕೈಯ ನೀರೂ ಕುಡಿಯುವುದಿಲ್ಲ.

ನಿಮ್ಮ ಸಾಹೇಬರನ್ನು ಕೇಳಿ ದೊಡ್ಡ ಮಿಷನ್ನು ತರುತ್ತೇನೆ ಅಂದಿದ್ದೀಯ. ಕೆಸರಾದರೆ ಶಬ್ದ ಒಳಕ್ಕಿಳಿಯುತ್ತದೆ, ಮರಳಾದರೆ ಹೆಚ್ಚು ಇಳಿಯುವುದಿಲ್ಲ ಎಂದೂ ಹೇಳಿದ್ದೆ. ಅದು ನಿಮ್ಮಪ್ಪನ ಕಿವಿಗೆ ಬಿದ್ದಿಲ್ಲ. ಅಣ್ಣ ಅಲ್ಲಿಲ್ಲವೆಂದು ನೀನೇ ಬಂದು ತೋರಿಸುತ್ತೀಯ ಎಂದು ಕಾಯುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಶ್ರೀಕಂಠೇಶ್ವರ ನಿನ್ನನ್ನು ನೀರಿನ ಮೇಲೆ ಕಾಪಾಡಲಿ.

ನಿಮ್ಮವ್ವ,
ಚನ್ನಬಸಮ್ಮ

ಮ.ವಿ.: ಇದನ್ನು ಮೇಲೆ ಬರೆಯಲು ಕೈ ಏಳಲಿಲ್ಲ. ದಡದಲ್ಲಿದ್ದ ಸೋಮುವಿನ ಅಂಗಿಯನ್ನು ಮೊದಲು ಎತ್ತಿಕೊಂಡವಳು ನಾನು. ಒಳಗೆ ಅವನ ಇಷ್ಟಲಿಂಗ ಇತ್ತು. ಶಿವದಾರ ಸವೆದಿತ್ತು, ನೀರುಪಾಲಾದೀತೆಂದು ಬಿಚ್ಚಿಟ್ಟಿದ್ದಾನೆ. ಪೂಜೆಯಿಲ್ಲದೆ ತುತ್ತು ಎತ್ತದವನು, ಬದುಕಿದ್ದರೆ ಇದನ್ನು ಬಿಟ್ಟು ಯಾವ ಊರಿಗೂ ಹೋಗುವವನಲ್ಲ. ನಿಮ್ಮಪ್ಪನಿಗೆ ತೋರಿಸಿದರೆ ಆ ಕ್ಷಣವೇ ತಿಳಿಯುತ್ತದೆ, ಅದಕ್ಕೇ ತೋರಿಸಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುತ್ತೇವೆ. ನನ್ನ ಮಗ ಬರಿಗೈಯಲ್ಲಿದ್ದಾನೆ. ಮಿಷನ್ನು ಸಿಗಲಿ ಬಿಡಲಿ, ನೀನು ಬಾ. ನೀನಿರುವಾಗ ಲಿಂಗವನ್ನು ಅವರ ಮುಂದಿಡುತ್ತೇನೆ. ಆಗ ಅವರನ್ನು ಹಿಡಿದುಕೊಳ್ಳಲು ನನ್ನೊಬ್ಬಳಿಂದ ಆಗುವುದಿಲ್ಲ.